ಸಿಗಾರ್ ಪೆಟ್ಟಿಗೆಯೊಳಗಿನ ಹವಾಮಾನ

ಏಪ್ರಿಲ್ ತಿಂಗಳ ಹೈದರಾಬಾದಿನಲ್ಲಿ ಬೆಳಿಗ್ಗೆ ತಾರಸಿಯ ಮೇಲೆ ಹಾಕಿದ ಸಂಡಿಗೆ ಸಂಜೆಯೊಳಗೆ ಬಟ್ಟೆ ಬಿಟ್ಟು ಏಳುತ್ತದೆ. ಒಗೆದು ಹರವಿದ ಲುಂಗಿ ಅರ್ಧ ಗಂಟೆಯಲ್ಲಿ ಗರಿಗರಿ. ಅದೇ ಮನೆಯ ಶೋಕೇಸಿನಲ್ಲಿ, ದುಬೈಯಿಂದಲೋ ಅಮೆರಿಕದಿಂದಲೋ ಬಂದ ನೆಂಟರು ಕೊಟ್ಟುಹೋದ ಸಿಗಾರ್ ಪೆಟ್ಟಿಗೆಯೊಂದು ಕುಳಿತಿರುತ್ತದೆ. ಕೊಟ್ಟವರು ಸೇದುವುದಿಲ್ಲ, ಇಸಿದುಕೊಂಡವರೂ ಸೇದುವುದಿಲ್ಲ. ಆದರೂ ದುಬಾರಿ ವಸ್ತು, ಬಿಸಾಡಲು ಮನಸ್ಸು ಬಾರದು. ‘ವೈನಿನ ಹಾಗೆ ಇದೂ ಇಟ್ಟಷ್ಟು ಒಳ್ಳೆಯದಂತೆ’ ಎಂದು ಯಾರೋ ಹೇಳಿರುತ್ತಾರೆ. ತಿಂಗಳು ಕಳೆದು ಪೆಟ್ಟಿಗೆ ತೆರೆದರೆ ಹೊರಸುತ್ತಿನ ಎಲೆ ಉದ್ದಕ್ಕೂ ಸೀಳಿದೆ. ಬೆರಳಲ್ಲಿ ಒತ್ತಿದರೆ ತರಗೆಲೆ ತುಳಿದ ಸದ್ದು.

ಇಡುವುದೇನೋ ಸರಿ, ಎಂಥ ಹವೆಯಲ್ಲಿ ಇಡುವುದು ಎಂಬುದು ಪ್ರಶ್ನೆ. ಸಿಗಾರ್ ಹುಟ್ಟಿದ್ದು ಕೆರಿಬಿಯನ್ ಸಮುದ್ರದ ಸುತ್ತ, ಕ್ಯೂಬಾ, ಡೊಮಿನಿಕನ್ ಗಣರಾಜ್ಯ, ನಿಕರಾಗುವಾಗಳ ಜಿಗುಟು ಹವೆಯಲ್ಲಿ. ಹೈದರಾಬಾದ್ ಇರುವುದು ಸಮುದ್ರದಿಂದ ದೂರ, ಡೆಕ್ಕನ್ ಪ್ರಸ್ಥಭೂಮಿಯ ಮೇಲೆ, ಸುಮಾರು 540 ಮೀಟರ್ ಎತ್ತರದಲ್ಲಿ. ಬೇಸಿಗೆಯಲ್ಲಿ ಇಲ್ಲಿನ ಗಾಳಿ ಎಲ್ಲದರಿಂದಲೂ ನೀರು ಹೀರುತ್ತದೆ. ಆಗಸ್ಟ್ ಬಂತೆಂದರೆ ಅದೇ ಗಾಳಿ ಎಲ್ಲದಕ್ಕೂ ನೀರು ತುಂಬುತ್ತದೆ. ಸಿಗಾರನ್ನು ಮನೆಯಲ್ಲಿ ಕಾಪಾಡುವುದೆಂದರೆ, ವರ್ಷಕ್ಕೆ ಎರಡು ಸಲ ಮಗ್ಗುಲು ಬದಲಿಸುವ ಈ ಹವೆಯ ನಡುವೆ ಒಂದಡಿ ಉದ್ದದ ಬೇರೊಂದು ಹವಾಮಾನವನ್ನು ಕಟ್ಟಿ ನಿಲ್ಲಿಸುವುದು. ಆ ಕಟ್ಟೋಣದ ವಿಜ್ಞಾನ ಸಿಗಾರ್ ಸೇದದವರಿಗೂ ಉಪಯೋಗಕ್ಕೆ ಬರುವಂಥದ್ದು. ಹಳೆಯ ಪುಸ್ತಕ, ವೀಣೆ, ಕ್ಯಾಮೆರಾದ ಲೆನ್ಸ್, ರೇಷ್ಮೆ ಸೀರೆ ಎಲ್ಲವೂ ಇದೇ ಲೆಕ್ಕಕ್ಕೆ ಸೇರಿದವು.

ಮೊದಲು ಗಾಳಿಯ ಲೆಕ್ಕ. ಗಾಳಿ ಬಿಸಿಯಾದಷ್ಟೂ ಹೆಚ್ಚು ನೀರಾವಿಗೆ ಎಡೆ ಸಿಗುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ಹೆಚ್ಚೆಂದರೆ 17 ಗ್ರಾಂ ನೀರಾವಿ ಇರಬಲ್ಲದು. 40 ಡಿಗ್ರಿಯಲ್ಲಿ 51 ಗ್ರಾಂ. ಇರಬಹುದಾದ ಗರಿಷ್ಠದಲ್ಲಿ ಎಷ್ಟು ಪಾಲು ನಿಜಕ್ಕೂ ಇದೆ ಎಂಬುದೇ ಸಾಪೇಕ್ಷ ಆರ್ದ್ರತೆ. ಬೇಸಿಗೆಯ ಒಂದು ಮಧ್ಯಾಹ್ನ 40 ಡಿಗ್ರಿ ಸೆಕೆ, ಶೇಕಡ 20 ಆರ್ದ್ರತೆ ಎಂದಿಟ್ಟುಕೊಳ್ಳಿ. ಆ ಗಾಳಿಯಲ್ಲಿ ಘನ ಮೀಟರಿಗೆ 10 ಗ್ರಾಂ ನೀರಿದೆ. ಅದೇ ಗಾಳಿಯನ್ನು ಕೋಣೆಯೊಳಗೆ ತಂದು 24 ಡಿಗ್ರಿಗೆ ತಣಿಸಿದರೆ, ಒಂದು ಹನಿ ನೀರೂ ಸೇರಿಸದೆ ಆರ್ದ್ರತೆ ಶೇಕಡ 47ಕ್ಕೆ ಏರುತ್ತದೆ. ಆಗಸ್ಟಿನಲ್ಲಿ ಕಥೆ ಬೇರೆ. 28 ಡಿಗ್ರಿ, ಶೇಕಡ 80 ಆರ್ದ್ರತೆಯ ಗಾಳಿಯಲ್ಲಿ ಸುಮಾರು 22 ಗ್ರಾಂ ನೀರಿರುತ್ತದೆ. ಅದನ್ನು 24 ಡಿಗ್ರಿಗೆ ತಣಿಸಿದರೆ ನೇರ ಶೇಕಡ 100. ಹೆಚ್ಚಾದ ನೀರನ್ನು ಏರ್ ಕಂಡೀಷನರ್ ತನ್ನ ತಣ್ಣನೆ ಸುರುಳಿಯ ಮೇಲೆ ಇಳಿಸಿ ಹೊರಗಿನ ಕೊಳವೆಯಿಂದ ಪಕ್ಕದ ಮನೆಯವರ ಗೋಡೆಗೆ ಸುರಿಸುವುದು ಇದಕ್ಕೇ.

ಇನ್ನು ಎಲೆಯ ಲೆಕ್ಕ. ಒಣಗಿದ ಹೊಗೆಸೊಪ್ಪು ನಮ್ಮ ಕಣ್ಣಿಗೆ ಒಣ ವಸ್ತು. ತೂಕ ಹಾಕಿ ನೋಡಿದರೆ ಹಾಗಿಲ್ಲ. ಶೇಕಡ 65–70 ಆರ್ದ್ರತೆಯ ಗಾಳಿಯಲ್ಲಿಟ್ಟ ಎಲೆ ತನ್ನ ತೂಕದ ಶೇಕಡ 12ರಿಂದ 14ರಷ್ಟು ನೀರನ್ನು ಹಿಡಿದಿಟ್ಟುಕೊಂಡು ಅಲ್ಲಿಗೆ ನಿಲ್ಲುತ್ತದೆ. ಸೆಲ್ಯುಲೋಸ್, ಪೆಕ್ಟಿನ್, ಆಮ್ಲಗಳ ಲವಣಗಳು ಇವೆಲ್ಲ ನೀರಿನ ಅಣುಗಳನ್ನು ಸೆಳೆದು ಕೂರಿಸಿಕೊಳ್ಳುವ ಜಾಗಗಳು. ಗಾಳಿ ಒಣಗಿದರೆ ಎಲೆ ನೀರು ಬಿಡುತ್ತದೆ, ಗಾಳಿ ತೇವವಾದರೆ ಎಳೆದುಕೊಳ್ಳುತ್ತದೆ. ಹೊಗೆಸೊಪ್ಪು ಬೆಳೆಯುವವರಿಗೆ ಇದು ಯಾವ ಉಪಕರಣವೂ ಇಲ್ಲದೆ ಗೊತ್ತು. ಒಣಗಿದ ಸೊಪ್ಪನ್ನು ಅವರು ಮುಟ್ಟುವುದು ನಸುಕಿನಲ್ಲಿ, ಇಬ್ಬನಿಗೆ ಎಲೆ ಮೆತ್ತಗೆ ಹದಕ್ಕೆ ಬಂದಾಗ. ಬಿಸಿಲೇರಿದ ಮೇಲೆ ಕೈ ಹಾಕಿದರೆ ಬೆಳೆಯೇ ಪುಡಿ.

ಇಲ್ಲೊಂದು ಸಣ್ಣ ಗುಣಾಕಾರ ಮಾಡಿ ನೋಡಬೇಕು. ಸಿಗಾರ್ ಕಾಪಾಡುವವರಲ್ಲಿ ಬಹಳ ಮಂದಿ ಎಡವುವುದು ಇದನ್ನು ಮಾಡದೆ. ಒಂದು ಸಾಧಾರಣ ಸಿಗಾರ್ 10 ಗ್ರಾಂ ತೂಗುತ್ತದೆ ಎನ್ನಿ. ಅದರಲ್ಲಿ ನೀರು ಸುಮಾರು 1.3 ಗ್ರಾಂ. ಇಪ್ಪತ್ತೈದು ಸಿಗಾರಿನ ಪೆಟ್ಟಿಗೆಯಲ್ಲಿ 32 ಗ್ರಾಂ ನೀರಾಯಿತು. ಅದೇ ಪೆಟ್ಟಿಗೆಯ ಗಾಳಿ 10 ಲೀಟರ್ ಎಂದು ಧಾರಾಳವಾಗಿ ಹಿಡಿದರೂ, 20 ಡಿಗ್ರಿ ಹಾಗೂ ಶೇಕಡ 65 ಆರ್ದ್ರತೆಯಲ್ಲಿ ಅದರಲ್ಲಿರುವ ನೀರಾವಿ 0.11 ಗ್ರಾಂ. ಅಂದರೆ ಎಲೆಯಲ್ಲಿರುವುದರ ಸುಮಾರು ಮುನ್ನೂರರ ಒಂದು ಭಾಗ ಅಷ್ಟೆ. ನೀರಿನ ಠೇವಣಿಯೆಲ್ಲ ಎಲೆಯಲ್ಲಿದೆ, ಗಾಳಿ ಬರೀ ಕಿಸೆಯ ಚಿಲ್ಲರೆ. ಆದ್ದರಿಂದ ಮುಚ್ಚಳ ಒಂದು ನಿಮಿಷ ತೆರೆದರೆ ಏನೂ ಹಾಳಾಗದು. ಹೋದ ಚಿಲ್ಲರೆಯನ್ನು ಎಲೆ ಗಂಟೆಯೊಳಗೆ ತುಂಬಿಕೊಡುತ್ತದೆ. ಹಾಳು ಮಾಡುವುದು ಸರಿಯಾಗಿ ಕೂರದ ಮುಚ್ಚಳ. ಕೂದಲೆಳೆಯಷ್ಟು ಸಂದಿನಿಂದ ಹಗಲಿರುಳೂ ಸೋರುವ ಆವಿ ಏಪ್ರಿಲ್, ಮೇ ಎರಡು ತಿಂಗಳಲ್ಲಿ ಹನ್ನೆರಡು ಗ್ರಾಂ ದಾಟಿತೆಂದರೆ ಎಲೆ ಶೇಕಡ 13ರಿಂದ 8ರ ಹತ್ತಿರಕ್ಕೆ ಇಳಿದಿರುತ್ತದೆ, ಸಿಗಾರ್ ಸೀಳಿರುತ್ತದೆ.

ಸೀಳುವುದೂ ಸುಮ್ಮನೆ ಅಲ್ಲ. ಸಿಗಾರ್ ಮೂರು ಪದರಗಳ ರಚನೆ: ಒಳಗೆ ತುಂಬಿದ ಎಲೆಗಳು, ಅವನ್ನು ಬಿಗಿದ ಒಂದು ದಪ್ಪ ಎಲೆ, ಎಲ್ಲಕ್ಕೂ ಹೊರಗೆ ಜೇನುಬಣ್ಣದ ತೆಳುವಾದ ಹೊದಿಕೆ. ಒಣಹವೆ ತಾಗಿದಾಗ ಹೊದಿಕೆ ಮೊದಲು ಒಣಗಿ ಕುಗ್ಗುತ್ತದೆ, ಹೊಟ್ಟೆ ಇನ್ನೂ ತೇವದಿಂದ ಉಬ್ಬಿಕೊಂಡೇ ಇರುತ್ತದೆ. ಬಿಗಿಯಾದ ಅಂಗಿ ಹರಿಯಲೇಬೇಕು. ಹರಿದದ್ದನ್ನು ನೋಡಿ ಗಾಬರಿಯಿಂದ ಒದ್ದೆ ಸ್ಪಂಜು ಇಟ್ಟರೆ ಒಳಗಿನ ಎಲೆ ಸರ್ರನೆ ಉಬ್ಬಿ ಉಳಿದವೂ ಸೀಳುತ್ತವೆ. ಒಣಗಿದ ಸಿಗಾರನ್ನು ಹದಕ್ಕೆ ತರಲು ವಾರಗಟ್ಟಲೆ ಬೇಕು, ಅವಸರ ಕೂಡದು.

ಹೈದರಾಬಾದಿನ ಸೆಕೆಯ ಬಗ್ಗೆ ಇನ್ನೊಂದು ಮಾತು. ಖಾಲಿ ಡಬ್ಬಿಯನ್ನು ಮುಚ್ಚಿ ಬಿಸಿ ಮಾಡಿದರೆ ಒಳಗಿನ ಸಾಪೇಕ್ಷ ಆರ್ದ್ರತೆ ಇಳಿಯುತ್ತದೆ. ಮೇಲಿನ ಲೆಕ್ಕ ಓದಿದವರಿಗೆ ಅದು ಸಹಜ. ಸಿಗಾರ್ ತುಂಬಿದ ಡಬ್ಬಿಯನ್ನು ಬಿಸಿ ಮಾಡಿದರೆ ಇಳಿಯುವುದಿಲ್ಲ, ತುಸು ಏರುತ್ತದೆ. ಬಿಸಿಗೆ ಎಲೆ ತನ್ನ ನೀರನ್ನು ಸ್ವಲ್ಪ ಸಡಿಲ ಬಿಡುತ್ತದೆ, ಗಾಳಿಗೆ ಬೇಕಾದ್ದು ಅಷ್ಟರಲ್ಲೇ ಸಿಕ್ಕಿಬಿಡುತ್ತದೆ. ಹೀಗಾಗಿ ಬಿಗಿಮುಚ್ಚಳದ ಡಬ್ಬಿಯಲ್ಲಿ ಬೇಸಿಗೆಯ ಭಯ ಒಣಗುವುದಲ್ಲ, ಬೇರೆಯದು. ಅದಕ್ಕೆ ಆಮೇಲೆ ಬರೋಣ.

ಆರ್ದ್ರತೆಯನ್ನು ಅಳೆಯುವ ಪುಟ್ಟ ಮಾಪಕಗಳು ಈಗ ಎಲ್ಲೆಡೆ ಸಿಗುತ್ತವೆ. ಅಗ್ಗದವು ಐದು, ಹತ್ತು ಅಂಕ ತಪ್ಪು ಹೇಳುವುದುಂಟು. ಅವನ್ನು ತಿದ್ದಲು ಪ್ರಯೋಗಾಲಯ ಬೇಡ, ಅಡುಗೆಮನೆಯ ಉಪ್ಪು ಸಾಕು. ಬಾಟಲಿ ಮುಚ್ಚಳದಲ್ಲಿ ಪುಡಿ ಉಪ್ಪು ಹಾಕಿ, ಒದ್ದೆ ಮರಳಿನಷ್ಟು ಹದವಾಗುವಂತೆ ನೀರು ತೊಟ್ಟಿಕ್ಕಿಸಿ. ಉಪ್ಪು ಪೂರ್ತಿ ಕರಗಕೂಡದು. ಅದನ್ನೂ ಮಾಪಕವನ್ನೂ ಗಾಳಿಯಾಡದ ಡಬ್ಬಿಯಲ್ಲಿ ಒಂದು ರಾತ್ರಿ ಇಡಿ. ಬೆಳಿಗ್ಗೆ ಮಾಪಕ ಶೇಕಡ 75 ತೋರಿಸಬೇಕು. 70 ತೋರಿಸಿದರೆ ಅದು ಯಾವಾಗಲೂ ಐದು ಕಡಿಮೆ ಹೇಳುವ ಆಸಾಮಿ ಎಂದು ತಿಳಿದುಕೊಂಡರಾಯಿತು. ಕರಗುವಷ್ಟೂ ಕರಗಿ ಉಪ್ಪು ಮಿಕ್ಕಿರುವ ನೀರು ತನ್ನ ಮೇಲಿನ ಗಾಳಿಯನ್ನು ಶೇಕಡ 75ರಲ್ಲಿ ಹಿಡಿದಿಡುತ್ತದೆ. ಗಾಳಿ ಅದಕ್ಕಿಂತ ತೇವವಾದರೆ ಉಪ್ಪು ಆವಿಯನ್ನು ಎಳೆದುಕೊಂಡು ಇನ್ನಷ್ಟು ಕರಗುತ್ತದೆ, ಒಣಗಿದರೆ ನೀರು ಬಿಟ್ಟುಕೊಟ್ಟು ಹರಳುಗಟ್ಟುತ್ತದೆ. ಈ ಅಂಕ 0ಯಿಂದ 50 ಡಿಗ್ರಿವರೆಗೆ ಹೆಚ್ಚುಕಡಿಮೆ ಅಲುಗುವುದಿಲ್ಲ. ಮಳೆಗಾಲದ ಮಂಗಳೂರಿನಲ್ಲಿ ಉಪ್ಪಿನ ಭರಣಿ ನೀರಾಗುವುದೂ, ಬೇಸಿಗೆಯ ಹೈದರಾಬಾದಿನಲ್ಲಿ ಅದೇ ಉಪ್ಪು ಗಲಗಲ ಎನ್ನುವುದೂ ಇದರಿಂದಲೇ. ಕಲ್ಲುಪ್ಪು ಶೇಕಡ 75ಕ್ಕೂ ಮುಂಚೆಯೇ ಒಸರುತ್ತದೆ. ಅದರಲ್ಲಿ ಸ್ವಲ್ಪ ಮೆಗ್ನೀಸಿಯಂ ಕ್ಲೋರೈಡ್ ಬೆರೆತಿರುತ್ತದೆ, ಅದರ ಗಟ್ಟಿ ದ್ರಾವಣದ ಅಂಕ ಶೇಕಡ 33. ಪರೀಕ್ಷೆಗೆ ಪುಡಿ ಉಪ್ಪೇ ವಾಸಿ.

ಒಂದೊಂದು ಲವಣಕ್ಕೆ ಒಂದೊಂದು ಅಂಕ. ಅಂಗಡಿಯಲ್ಲಿ ಸಿಗಾರಿಗೆಂದು ಮಾರುವ ಶೇಕಡ 65ರ, 69ರ ಪೊಟ್ಟಣಗಳ ಒಳಗುಟ್ಟೂ ಇದೇ. ಆವಿ ದಾಟಬಲ್ಲ, ನೀರು ದಾಟಲಾರದ ಪೊರೆಯೊಳಗೆ ಲವಣದ ಗಟ್ಟಿ ದ್ರಾವಣ. ಅದು ಕೊಡುತ್ತದೆ, ಮರಳಿ ಪಡೆಯುತ್ತದೆ. ಹೈದರಾಬಾದಿಗೆ ಬೇಕಾದದ್ದು ಹೀಗೆ ಎರಡೂ ಕಡೆ ದುಡಿಯುವ ವಸ್ತು. ಒದ್ದೆ ಸ್ಪಂಜು ಕೊಡುವುದನ್ನಷ್ಟೇ ಬಲ್ಲದು, ಒಣ ಸಿಲಿಕಾ ಜೆಲ್ ಕಿತ್ತುಕೊಳ್ಳುವುದನ್ನಷ್ಟೇ.

ಹೊಗೆಸೊಪ್ಪಿನ ಹದ ಡೆಕ್ಕನ್ನಿಗೆ ಹೊಸ ವಿಷಯವೇನಲ್ಲ. ಮೊಗಲ್ ದರಬಾರಿಗೆ ತಂಬಾಕು ಪರಿಚಯವಾದದ್ದೇ ನಮ್ಮ ವಿಜಯಪುರದಿಂದ. ಅಕ್ಬರನ ರಾಯಭಾರಿಯಾಗಿ ಆದಿಲಶಾಹಿಗೆ ಬಂದಿದ್ದ ಅಸದ್ ಬೇಗ್ ಇಲ್ಲಿ ತಂಬಾಕನ್ನು ಕಂಡು, ರತ್ನ ಕೂರಿಸಿದ ಕೊಳವೆಯ ಸಮೇತ ಆಗ್ರಾಕ್ಕೆ ಒಯ್ದ. ಅಕ್ಬರ್ ತೀರಿಕೊಂಡದ್ದು 1605ರಲ್ಲಿ. ಇದು ಅದಕ್ಕೆ ಸ್ವಲ್ಪ ಮುಂಚಿನ ಮಾತು. ಬಾದಶಹ ಕೆಲವು ದಮ್ಮು ಎಳೆದ, ಹಕೀಮರು ಬೇಡವೆಂದರು, ಸಭೆಯಲ್ಲೇ ವಾದ ನಡೆಯಿತು. ಗೊತ್ತಿಲ್ಲದ ಮದ್ದನ್ನು ಪರೀಕ್ಷೆ ಮಾಡದೆ ಕೊಡಲಾಗದು ಎಂದ ಆ ಹಕೀಮರ ಮಾತು ಇವತ್ತಿಗೂ ಸರಿಯಾಗಿದೆ. ಜಹಾಂಗೀರ್ 1617ರಲ್ಲಿ ನಿಷೇಧಿಸಿದ, ಜನ ಕೇಳಲಿಲ್ಲ.

ಡೆಕ್ಕನ್ನಿನಲ್ಲಿ ಬೇರೂರಿದ್ದು ಹುಕ್ಕಾ. ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಮ್ಮಿನಲ್ಲಿ ಬಿದರಿ ಕೆಲಸದ ಹುಕ್ಕಾ ಬುರುಡೆಗಳನ್ನು ನೋಡಬಹುದು. ಸತು ಹೆಚ್ಚು, ತಾಮ್ರ ಕಡಿಮೆ ಇರುವ ಮಿಶ್ರಲೋಹ. ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ತಿಕ್ಕಿದಾಗ ಲೋಹ ಕಪ್ಪಾಗಿ ಬೆಳ್ಳಿಗೆರೆ ಮಾತ್ರ ಬೆಳ್ಳಗೆ ಉಳಿಯುತ್ತದೆ. 1956ರವರೆಗೆ ಬೀದರ್, ಕಲಬುರಗಿ, ರಾಯಚೂರು ಹೈದರಾಬಾದ್ ರಾಜ್ಯದ ಕನ್ನಡ ಜಿಲ್ಲೆಗಳೇ ಆಗಿದ್ದವು. ಹುಕ್ಕಾದ ತಂಬಾಕನ್ನು ಬೆಲ್ಲದ ಪಾಕದಲ್ಲಿ ಅರೆದು ಇಡುತ್ತಾರೆ. ಸಕ್ಕರೆಯ ಅಣು ನೀರನ್ನು ಬಿಡದೆ ಹಿಡಿದುಕೊಳ್ಳುವುದರಿಂದ ಎಂಥ ಬೇಸಿಗೆಯಲ್ಲೂ ಅದು ಒಣಗದು. ಪೆಟ್ಟಿಗೆಯ ಹವೆಯನ್ನು ತಿದ್ದುವ ಬದಲು ಎಲೆಯನ್ನೇ ತಿದ್ದಿದ ಜಾಣತನ ಇದು. ಇನ್ನು ತೆಲಂಗಾಣ, ಆಂಧ್ರದ ಹಳ್ಳಿಗಳ ಚುಟ್ಟಾ ಮೂರನೆಯ ದಾರಿ ಹಿಡಿಯಿತು. ಎಲೆಗೆ ನೀರು ಚಿಮುಕಿಸಿ ಮೆತ್ತಗೆ ಮಾಡಿ, ಬೇಕಾದಾಗ ಸುತ್ತಿ, ಅಂದಂದೇ ಸೇದಿ ಮುಗಿಸುವುದು. ಕಾಪಾಡುವ ತಾಪತ್ರಯವೇ ಇಲ್ಲ.

ಇನ್ನು ಸಿಗಾರಿನ ಮಾತು. 1896ರಲ್ಲಿ ಬೆಂಗಳೂರಿನ ದಂಡಿಗೆ ಬಂದ ಚರ್ಚಿಲ್ ಎಂಬ ಯುವಕ ಅದೇ ವರ್ಷ ಹೈದರಾಬಾದಿಗೆ ಹೋಗಿ ತನ್ನ ರೆಜಿಮೆಂಟಿನ ಜತೆ ಪೋಲೋ ಆಡಿ ಗೋಲ್ಕೊಂಡಾ ಕಪ್ ಗೆದ್ದ. ಹಿಂದಿನ ವರ್ಷವಷ್ಟೇ ಆತ ಕ್ಯೂಬಾ ನೋಡಿ ಬಂದಿದ್ದ. ಮುಂದೆ ಆತನ ಹೆಸರಿಗೇ ಅಂಟಿಕೊಂಡ ಸಿಗಾರನ್ನು ಪೆಟ್ಟಿಗೆಯಲ್ಲಿಟ್ಟು ಜೋಪಾನ ಮಾಡುವುದು ದೊರೆಗಳ ಅಭ್ಯಾಸವಾಗಿಯೇ ಉಳಿಯಿತು. ಹೈದರಾಬಾದಿನ ಸಾಮಾನ್ಯರಿಗೆ ಬಂದದ್ದು ಸಿಗರೇಟು. ವಜೀರ್ ಸುಲ್ತಾನ್ ಟೊಬ್ಯಾಕೊ ಕಂಪನಿ 1930ರಲ್ಲಿ ನೋಂದಣಿಯಾಯಿತು, ಅದರ ಚಾರ್‌ಮಿನಾರ್ ಸಿಗರೇಟು ಊರಿನ ಗುರುತನ್ನೇ ಪ್ಯಾಕಿನ ಮೇಲೆ ಹೊತ್ತು ದೇಶವೆಲ್ಲ ಸುತ್ತಿತು. ಜಗತ್ತಿನ ಅತಿ ಶ್ರೀಮಂತ ಎನಿಸಿಕೊಂಡಿದ್ದ ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಕೂಡ ಅಗ್ಗದ ಚಾರ್‌ಮಿನಾರನ್ನೇ ಸೇದುತ್ತಿದ್ದರೆಂದು ಹಳೆಯ ಊರಿನವರು ಇಂದಿಗೂ ಹೇಳುತ್ತಾರೆ.

ಸಿಗರೇಟಿನ ಎಲೆಗೂ ಸಿಗಾರಿನ ಎಲೆಗೂ ಇರುವ ಭೇದ ಒಣಗಿಸುವುದರಲ್ಲಿದೆ. ಪಿರಿಯಾಪಟ್ಟಣ, ಹುಣಸೂರಿನ ಕಡೆ ಹೋದವರು ಹೊಲದ ಬದಿಯ ಎತ್ತರದ ಬ್ಯಾರನ್‌ಗಳನ್ನು ನೋಡಿರುತ್ತೀರಿ. ಅಲ್ಲಿ ಸೌದೆಯ ಬಿಸಿಯಲ್ಲಿ ವಾರದೊಳಗೆ ಎಲೆ ಒಣಗುತ್ತದೆ. ಮೊದಲು ಹದವಾದ ಶಾಖದಲ್ಲಿ ಎಲೆ ಹಳದಿಯಾಗಿ ಅದರ ಪಿಷ್ಟವೆಲ್ಲ ಸಕ್ಕರೆಯಾಗುತ್ತದೆ. ಆ ಕ್ಷಣಕ್ಕೆ ಶಾಖ ಏರಿಸಿ ಎಲೆಯ ಜೀವವನ್ನು ನಿಲ್ಲಿಸುತ್ತಾರೆ. ಸಕ್ಕರೆ ಎಲೆಯಲ್ಲೇ ಉಳಿಯಿತು, ಬಂಗಾರದ ಬಣ್ಣವೂ ಉಳಿಯಿತು. ಸಿಗಾರಿನ ಎಲೆಗೆ ಈ ದಯೆ ಇಲ್ಲ. ಅದನ್ನು ನೆರಳಿನ ಕೊಟ್ಟಿಗೆಯಲ್ಲಿ ತಿಂಗಳು, ಎರಡು ತಿಂಗಳು ತೂಗುಹಾಕುತ್ತಾರೆ. ಕಿತ್ತ ಮೇಲೂ ದಿನಗಟ್ಟಲೆ ಉಸಿರಾಡುವ ಎಲೆ ತನ್ನ ಸಕ್ಕರೆಯನ್ನೆಲ್ಲ ತಾನೇ ಉಂಡು ಮುಗಿಸಿ, ಹಸಿದು, ಕಂದಾಗಿ ಸಾಯುತ್ತದೆ.

ಆಮೇಲೆ ರಾಶಿ. ತೇವ ಕೊಟ್ಟ ಎಲೆಗಳನ್ನು ಆಳೆತ್ತರ ಪೇರಿಸಿ ಹೊದಿಸಿದರೆ ರಾಶಿಯ ನಡುವೆ ಶಾಖ ತಾನಾಗಿ 50 ಡಿಗ್ರಿ ಆಸುಪಾಸು ಏರುತ್ತದೆ. ತಿಪ್ಪೆಗುಂಡಿಯಲ್ಲಿ ನಡೆಯುವ ಕೆಲಸವೇ, ಕಡಿವಾಣ ಹಾಕಿ ನಡೆಸುವುದು ಅಷ್ಟೆ. ಬ್ಯಾಕ್ಟೀರಿಯಾಗಳೂ ಎಲೆಯದೇ ಕಿಣ್ವಗಳೂ ಸೇರಿ ಪ್ರೋಟೀನುಗಳನ್ನು ಮುರಿಯುತ್ತವೆ. ಮುರಿದ ಸಾರಜನಕ ಅಮೋನಿಯ ಆಗಿ ಹೊರಬೀಳುತ್ತದೆ. ರಾಶಿ ಮಗುಚುವಾಗ ಕಣ್ಣು ಉರಿದು ನೀರು ಬರುವುದು ಅದಕ್ಕೆ. ನಿಕೋಟಿನ್ನಿನ ಒಂದು ಪಾಲೂ ಇಲ್ಲೇ ಕಳೆಯುತ್ತದೆ. ಎಲೆಯ ಹಳದಿ ಬಣ್ಣದ ಕೆರೋಟಿನಾಯ್ಡುಗಳು ಮುರಿದು ಡಮಾಸ್ಕೆನೋನ್‌ನಂಥ ಸುವಾಸನೆಯ ತುಣುಕುಗಳಾಗುತ್ತವೆ. ಗುಲಾಬಿಯ ಪರಿಮಳದಲ್ಲೂ ಇರುವ ವಸ್ತು ಇದು. ಹಸಿ ಹೊಗೆಸೊಪ್ಪಿನಲ್ಲಿ ಇಲ್ಲದ ಘಮ ಹೀಗೆ ಕೊಳೆಯುವುದಕ್ಕೂ ಮಾಗುವುದಕ್ಕೂ ನಡುವಿನ ಒಂದು ಇಕ್ಕಟ್ಟಿನಲ್ಲಿ ಹುಟ್ಟುತ್ತದೆ.

ಮನೆಯ ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಆಗುವ ‘ಮಾಗುವಿಕೆ’ ಇದರ ಬಾಲ ಮಾತ್ರ. ಶೇಕಡ 65 ಆರ್ದ್ರತೆಯಲ್ಲಿ ಹೆಚ್ಚಿನ ಸೂಕ್ಷ್ಮಜೀವಿಗಳಿಗೆ ಬದುಕುವಷ್ಟು ನೀರು ದಕ್ಕದು. ರಾಶಿಯ ಬಿಸಿಯೂ ಇಲ್ಲ. ಮಿಕ್ಕಿದ್ದ ಅಮೋನಿಯ ನಿಧಾನವಾಗಿ ಹೊರಟುಹೋಗುತ್ತದೆ, ಗಾಳಿಯ ಆಮ್ಲಜನಕ ಎಣ್ಣೆ, ಅಂಟುಗಳ ಮೇಲೆ ಮೆಲ್ಲಗೆ ಕೈಯಾಡಿಸುತ್ತದೆ, ಒಂದೇ ಪೆಟ್ಟಿಗೆಯ ಸಿಗಾರುಗಳು ತಮ್ಮ ವಾಸನೆಗಳನ್ನು ಹಂಚಿಕೊಳ್ಳುತ್ತವೆ. ಹೊಸ ಸಿಗಾರಿನ ಘಾಟು ಮೊದಲ ತಿಂಗಳುಗಳಲ್ಲಿ ಕಡಿಮೆಯಾಗುವುದಕ್ಕೆ ಅಮೋನಿಯ ಹೋಗುವುದೊಂದೇ ಸಾಕಷ್ಟು ಕಾರಣ. ಇಪ್ಪತ್ತು ವರ್ಷ ಇಟ್ಟದ್ದು ಐದು ವರ್ಷ ಇಟ್ಟದ್ದಕ್ಕಿಂತ ನಾಲ್ಕು ಪಟ್ಟು ಮೇಲು ಎಂಬಂಥ ಮಾತಿನಲ್ಲಿ ನನಗೆ ರಸಾಯನ ವಿಜ್ಞಾನಕ್ಕಿಂತ ಹರಾಜು ಕಟ್ಟೆಯ ಸದ್ದೇ ಹೆಚ್ಚು ಕೇಳಿಸುತ್ತದೆ. ಬೇಡದ ವಾಸನೆ ಹಾರಿಹೋಗುವ ದಾರಿಯಲ್ಲೇ ಬೇಕಾದ ವಾಸನೆಯೂ ಹಾರಿಹೋಗುತ್ತದೆ, ಪೆಟ್ಟಿಗೆಗೆ ಭೇದ ಗೊತ್ತಿಲ್ಲ.

ಸಾಂಪ್ರದಾಯಿಕ ಪೆಟ್ಟಿಗೆಯ ಒಳಮೈಗೆ ಸ್ಪ್ಯಾನಿಷ್ ಸೀಡರ್ ಹಲಗೆ ಹಾಕುತ್ತಾರೆ. ಹೆಸರಿಗೆ ಸೀಡರ್, ಹುಟ್ಟು ಬೇವಿನ ಕುಟುಂಬದ್ದು. ನಮ್ಮ ಪಶ್ಚಿಮಘಟ್ಟದ ತೂನ್ ಮರ ಅದರ ಹತ್ತಿರದ ದಾಯಾದಿ. ಆಂಧ್ರದ ಸಾಮರ್ಲಕೋಟೆಯಲ್ಲಿ ತೋಟ ಮಾಡಿದ ವಿಲಿಯಂ ರಾಕ್ಸ್‌ಬರ್ಗ್ ಅದನ್ನು ಸ್ಪ್ಯಾನಿಷ್ ಸೀಡರಿನ ಕುಲಕ್ಕೇ ಸೇರಿಸಿ ಹೆಸರಿಟ್ಟಿದ್ದ. ಈ ಮರ ಘಮ ಕೊಡುತ್ತದೆ, ನೀರನ್ನು ಹೀರಿ ಬಿಟ್ಟು ಆರ್ದ್ರತೆಯ ಏರಿಳಿತ ತಗ್ಗಿಸುತ್ತದೆ. ಆದರೆ ಹೈದರಾಬಾದಿನ ಮೇ ತಿಂಗಳಲ್ಲಿ ಮರದ ಪೆಟ್ಟಿಗೆಯೇ ಒಣಗಿ ಕುಗ್ಗಿ ಮುಚ್ಚಳ ಸಡಿಲವಾಗುತ್ತದೆ. ರಬ್ಬರ್ ಪಟ್ಟಿಯ ಮುಚ್ಚಳವಿರುವ ಸಾಧಾರಣ ಪ್ಲಾಸ್ಟಿಕ್ ಡಬ್ಬಿ, ಒಳಗೆ ಒಂದು ಲವಣದ ಪೊಟ್ಟಣ, ಬೇಕಿದ್ದರೆ ಒಂದು ತುಂಡು ಸೀಡರ್ ಹಲಗೆ: ಈ ಊರಿನ ಹವೆಗೆ ಇದು ಸಾವಿರಾರು ರೂಪಾಯಿಯ ಮೆರುಗಿನ ಪೆಟ್ಟಿಗೆಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ನೋಡಲು ಚೆಂದವಿಲ್ಲ, ಅಷ್ಟೆ.

ಈಗ ಬೇಸಿಗೆಯ ಆ ಇನ್ನೊಂದು ಭಯ. ಸಿಗಾರಿನ ಮೈಮೇಲೆ ಗುಂಡುಸೂಜಿ ಚುಚ್ಚಿದಂಥ ಒಂದು ತೂತು, ಅಂಚು ಗುಂಡಗೆ, ಚೊಕ್ಕ. ಅಲುಗಿಸಿದರೆ ಕಂದು ಹಿಟ್ಟು ಉದುರುತ್ತದೆ. ತೂತಿನಿಂದ ಹೊರಟದ್ದು ಎರಡು ಮೂರು ಮಿಲಿಮೀಟರ್ ಉದ್ದದ, ಕೆಂಗಂದು ಬಣ್ಣದ, ತಲೆ ಬಗ್ಗಿಸಿಕೊಂಡು ಗೂನುಬೆನ್ನಾಗಿ ಕಾಣುವ ಜೀರುಂಡೆ: ಲ್ಯಾಸಿಯೊಡರ್ಮಾ ಸೆರಿಕಾರ್ನೆ. ಕೀಟನಾಶಕವಾಗಿಯೇ ಬಳಕೆಯಲ್ಲಿದ್ದ ನಿಕೋಟಿನ್ನನ್ನು ಇದು ತಿಂದು ಅರಗಿಸಿಕೊಳ್ಳುವುದು ಹೇಗೆ? ಇದರ ಹೊಟ್ಟೆಯಲ್ಲಿ ಯೀಸ್ಟ್‌ನಂಥ ಒಂದು ಶಿಲೀಂಧ್ರ ವಾಸವಾಗಿದೆ. ಬಡಕಲು ಆಹಾರದಲ್ಲಿಲ್ಲದ ವಿಟಮಿನ್ನುಗಳನ್ನು ಅದು ಒದಗಿಸುತ್ತದೆ, ವಿಷಗಳನ್ನು ಮುರಿಯಲೂ ನೆರವಾಗುತ್ತದೆ. ತಾಯಿ ಮೊಟ್ಟೆಯಿಡುವಾಗ ಚಿಪ್ಪಿನ ಮೇಲೆ ಆ ಶಿಲೀಂಧ್ರವನ್ನು ಸವರಿ ಬಿಡುತ್ತಾಳೆ. ಮರಿ ಚಿಪ್ಪನ್ನು ಕಡಿದು ಹೊರಬರುವಾಗ ಮೊದಲ ತುತ್ತಿನಲ್ಲೇ ಅದನ್ನು ನುಂಗುತ್ತದೆ. ಟುಟಾಂಖಾಮನ್ ಗೋರಿಯಲ್ಲೂ ಈ ಜೀರುಂಡೆಯ ಅವಶೇಷ ಸಿಕ್ಕಿದೆ. ತಂಬಾಕು ಅಮೆರಿಕ ಬಿಟ್ಟು ಹೊರಬರುವ ಎಷ್ಟೋ ಶತಮಾನ ಮೊದಲೇ ಅದು ಮನುಷ್ಯರ ಉಗ್ರಾಣ ಹೊಕ್ಕಿತ್ತು. ಇವತ್ತಿಗೂ ಅರಿಶಿನ, ಧನಿಯಾ, ಮೆಣಸಿನ ಪುಡಿ, ಹಳೆಯ ಪುಸ್ತಕದ ಅಂಟು, ಸಸ್ಯಸಂಗ್ರಹಾಲಯದ ಒಣಗಿದ ಎಲೆ ಯಾವುದಾದರೂ ಅದಕ್ಕೆ ಸರಿ. ಮಸಾಲೆ ಡಬ್ಬಿಯಲ್ಲಿ ಗಂಟು ಕಟ್ಟಿದ ಪುಡಿ ಕೊಡವಿದಾಗ ಹೊರಬೀಳುವ ಪುಟ್ಟ ಕಂದು ಹುಳು ಎಷ್ಟೋ ಸಲ ಇದೇ.

ಇದರ ದೌರ್ಬಲ್ಯ ಚಳಿ. 18 ಡಿಗ್ರಿಗಿಂತ ಕೆಳಗೆ ಬೆಳವಣಿಗೆ ನಿಂತಂತೆಯೇ. 30 ಡಿಗ್ರಿ ಆಸುಪಾಸಿನಲ್ಲಿ ಮೊಟ್ಟೆಯಿಂದ ಜೀರುಂಡೆಯಾಗಲು ಒಂದೂವರೆ ತಿಂಗಳು ಸಾಕು. ಹೈದರಾಬಾದಿನ ಮನೆಗಳಲ್ಲಿ ಡಿಸೆಂಬರ್, ಜನವರಿಯ ಕೆಲವು ವಾರ ಬಿಟ್ಟರೆ ವರ್ಷವಿಡೀ ಅದಕ್ಕೆ ಹಬ್ಬ. ಕಾರ್ಖಾನೆಯಿಂದ ಬಂದ ಸಿಗಾರಿನಲ್ಲಿ ಮೊಟ್ಟೆ ಇದ್ದರೆ ಕಣ್ಣಿಗೆ ಕಾಣದು. ಉಪಾಯ ಒಂದೇ: ಗಾಳಿಯಾಡದ ಚೀಲದಲ್ಲಿ ಕಟ್ಟಿ ಒಂದು ದಿನ ಫ್ರಿಜ್ಜಿನಲ್ಲಿ, ಆಮೇಲೆ ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಒಂದು ವಾರ, ಮತ್ತೆ ಒಂದು ದಿನ ಫ್ರಿಜ್ಜಿನಲ್ಲಿಟ್ಟು ಹೊರಗೆ. ಏಕಾಏಕಿ ಚಳಿಯಿಂದ ಸೆಕೆಗೆ ತಂದರೆ ಹೊದಿಕೆ ಸೀಳುತ್ತದೆ. ಚೀಲವಿಲ್ಲದೆ ಇಟ್ಟರೂ ಕೆಡುತ್ತದೆ. ಹಿಮಗಟ್ಟದ ಈಗಿನ ಫ್ರಿಜ್ಜುಗಳ ಒಳಗಾಳಿ ಬಹಳ ಒಣ.

ಮಳೆಗಾಲದ ಶತ್ರು ಬೂಷ್ಟು. ಆರ್ದ್ರತೆ ಶೇಕಡ 75 ದಾಟಿ ವಾರಗಟ್ಟಲೆ ನಿಂತರೆ ಎಲೆಯ ಮೇಲೆ ಬಿಳಿ, ಹಸಿರು ಚುಕ್ಕೆ ಏಳುತ್ತವೆ. ಬಿಳಿ ಪುಡಿಯನ್ನು ‘ಮಾಗಿದ ಎಣ್ಣೆಯ ಹರಳು, ಉತ್ತಮ ಸಿಗಾರಿನ ಲಕ್ಷಣ’ ಎಂದು ಹೊಗಳುವ ಪದ್ಧತಿಯಿದೆ. ಭೂತಗಾಜಿನಲ್ಲಿ ನೋಡಿ. ಎಳೆ ಎಳೆಯಾಗಿ ಕಂಡರೆ ಬೂಷ್ಟು, ಹೊಗಳಿಕೆ ವಾಪಸು ಪಡೆಯಬಹುದು.

ಇಷ್ಟೆಲ್ಲ ಜತನದಿಂದ ಕಾದಿಟ್ಟ ಸಿಗಾರಿನಲ್ಲಿ ಕಾಲ ಕಳೆಯದ ಒಂದಿದೆ. ಎಲೆ ಒಣಗುವಾಗ, ರಾಶಿಯಲ್ಲಿ ಬೇಯುವಾಗ ಬ್ಯಾಕ್ಟೀರಿಯಾಗಳು ಅದರ ನೈಟ್ರೇಟನ್ನು ನೈಟ್ರೈಟ್ ಮಾಡುತ್ತವೆ. ಅದು ನಿಕೋಟಿನ್ ಮತ್ತದರ ಸೋದರ ವಸ್ತುಗಳ ಜತೆ ಕೂಡಿ ನೈಟ್ರೊಸಮೀನುಗಳಾಗುತ್ತದೆ. ಎನ್‌ಎನ್‌ಎನ್, ಎನ್‌ಎನ್‌ಕೆ ಎಂಬ ಎರಡನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮನುಷ್ಯರಲ್ಲಿ ಕ್ಯಾನ್ಸರ್ ತರುವ ಮೊದಲ ಗುಂಪಿನಲ್ಲಿ ಇರಿಸಿದೆ. ಅಮೋನಿಯದ ಹಾಗೆ ಇವು ಹಾರಿಹೋಗುವುದಿಲ್ಲ. ಬಿಸಿಯಲ್ಲಿ ದಾಸ್ತಾನಿಟ್ಟ ಎಲೆಯಲ್ಲಿ ಹೆಚ್ಚುವುದೂ ಉಂಟು. ನಾಲಿಗೆಗೆ ನುಣುಪಾದದ್ದು ದೇಹಕ್ಕೆ ಸೌಮ್ಯವಾಯಿತೆಂದು ತಿಳಿಯಲು ಕಾರಣವಿಲ್ಲ. ಹೊಗೆಯನ್ನು ಒಳಗೆಳೆಯುವುದಿಲ್ಲ, ಬಾಯಲ್ಲಷ್ಟೇ ಆಡಿಸುತ್ತೇವೆ ಎಂಬ ಸಮಾಧಾನಕ್ಕೂ ಆಧಾರ ಕಡಿಮೆ. ಸಕ್ಕರೆಯುಳಿದ ಸಿಗರೇಟಿನ ಎಲೆಯ ಹೊಗೆ ಆಮ್ಲೀಯ. ಸಕ್ಕರೆ ಮುಗಿದ ಸಿಗಾರಿನ ಹೊಗೆ ಕ್ಷಾರೀಯ, ಅದರಲ್ಲಿನ ನಿಕೋಟಿನ್ ಬಾಯಿಯ ಒಳಪೊರೆಯಿಂದಲೇ ರಕ್ತಕ್ಕೆ ಇಳಿಯುತ್ತದೆ. ಬಾಯಿಯ ಪೊರೆಗೆ ಹೊಗೆ ಏನು ಮಾಡುತ್ತದೆಂದು ತಿಳಿಯಲು ಆಂಧ್ರದ ಶ್ರೀಕಾಕುಳಂ ಕರಾವಳಿಯ ಹೆಂಗಸರನ್ನು ಕೇಳಬೇಕು. ಚುಟ್ಟಾದ ಉರಿಯುವ ತುದಿಯನ್ನು ಬಾಯೊಳಗಿಟ್ಟು ಸೇದುವ ರೂಢಿ ಅಲ್ಲಿದೆ, ಅಂಗುಳಿನ ಕ್ಯಾನ್ಸರೂ ಅಲ್ಲಿದೆ.

2024ರ ಫೆಬ್ರವರಿಯಲ್ಲಿ ತೆಲಂಗಾಣ ಸರ್ಕಾರ ಹುಕ್ಕಾ ಪಾರ್ಲರುಗಳಿಗೆ, ಕರ್ನಾಟಕ ಸರ್ಕಾರ ಹುಕ್ಕಾ ಮಾರಾಟ, ಸೇವನೆಗೆ ನಿಷೇಧ ಹಾಕಿದವು. ಸಿಗಾರ್ ಮಾತ್ರ ಅಂಗಡಿಯಲ್ಲಿ ಸಿಗುತ್ತದೆ, ಉಡುಗೊರೆಯಾಗಿಯೂ ಬರುತ್ತಿರುತ್ತದೆ. ನಿಮ್ಮ ಶೋಕೇಸಿನಲ್ಲೂ ಅಂಥದೊಂದು ಪೆಟ್ಟಿಗೆ ಇದ್ದರೆ ಹಚ್ಚದಿರುವುದು ಒಳ್ಳೆಯದು. ಬಿಸಾಡಲು ಮನಸ್ಸಾಗದಿದ್ದರೆ ಮೊದಲು ಒಂದು ವಾರ ಫ್ರೀಜರಿನಲ್ಲಿಟ್ಟು ತೆಗೆಯಿರಿ. ಯಾವ ಕಾರಣಕ್ಕೂ ಅದನ್ನು ಅಡುಗೆಮನೆಯಲ್ಲಿ, ಅರಿಶಿನ ಧನಿಯಾಪುಡಿಯ ಡಬ್ಬಿಗಳ ಪಕ್ಕ ಮಾತ್ರ ಇಡಬೇಡಿ.